ಅಕ್ಕಾರ ಎರಡನೇ ದನಿ

ಮೊನ್ನೆ ಯಲ್ಲಾಪುರ ದಾಟಿ ಅರಬೈಲ್ ಘಾಟಿನ ತಿರುವುಗಳಲ್ಲಿ ಬಸ್ಸು ನನ್ನ ಹೊಟ್ಟೆ ತೊಳಸುತ್ತಿದ್ದಾಗ, ಮುಂದಿನ ಸೀಟಿನ ಹೆಂಗಸು ಚೀಲದಿಂದ ನಿಂಬೆಹಣ್ಣು ತೆಗೆದು ಉಗುರಿನಿಂದ ಸಿಪ್ಪೆ ಕೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಿವಿಯೊಳಗೆ ಯಾರೋ ಗದರಿದಂತಾಯಿತು: "ಲೇ ಮಂಗ್ಯಾ, ಮೂಸು! ವಾಂತಿ ಮಾಡಿದ್ರ ನೀನ ತೊಳೀಬೇಕು ನೋಡು."

ನಮ್ಮ ಓಣಿಯ ಅಕ್ಕಾರು...

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಎದುರು ಮನೆಯವರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾಗಿದ್ದರು; ನಮ್ಮ ಕಡೆ ಟೀಚರಿಗೆ ಅಕ್ಕಾರು ಅನ್ನುತ್ತೇವೆ. ಸಾಲಿ ಬಿಟ್ಟಿದ್ದರೇ ಹೊರತು ದನಿ ಬಿಟ್ಟಿರಲಿಲ್ಲ. ಅವರು ಅಂಗಳದಲ್ಲಿ ನಿಂತು ಯಾರನ್ನಾದರೂ ಕೂಗಿದರೆ, ಓಣಿಯ ತುದಿಯ ಹಿಟ್ಟಿನ ಗಿರಣಿಯವನು ತನ್ನನ್ನೇ ಕರೆದರೆಂದು ಗಿರಣಿ ನಿಲ್ಲಿಸುತ್ತಿದ್ದ. ವರ್ಷಕ್ಕೊಮ್ಮೆ ಓಣಿಯವರನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಎಲ್ಲಿಗಾದರೂ ಹೊರಡುತ್ತಿದ್ದರು. ಡ್ರೈವರನ ಪಕ್ಕ, ನಮ್ಮ ಕಡೆ ಮುಖ ಮಾಡಿ ನಿಂತರೆಂದರೆ ಬರುವ ಊರು, ಹೊಳೆ, ಗುಡಿ ಎಲ್ಲದರ ಪಾಠ. ನಾವು ಪ್ರವಾಸಕ್ಕಲ್ಲ, ಗಾಲಿ ಹಚ್ಚಿದ ಸಾಲಿಗೆ ಹೋಗುತ್ತಿದ್ದೆವು.

ನಾನೋ, ಮಂದಿಯ ದನಿ ಕದ್ದು ಬದುಕುವ ಪ್ರಾಣಿ. ಕಾಯಿಪಲ್ಲೆಯವನು, ಕಂಡಕ್ಟರ್, ನಮ್ಮವ್ವ, ಹುಡುಗಿಯರ ಮುಂದೆ ತೊದಲುವ ನಾನು, ಯಾರನ್ನೂ ಬಿಟ್ಟವನಲ್ಲ. ಅಕ್ಕಾರ ದನಿಯಂತೂ ನನ್ನ ಅಂಗಡಿಯ ಖಾಸಾ ಮಾಲು.

ಒಂದು ವರ್ಷ ಅವರ ಕುತ್ತಿಗೆಯ ಗಂಟಿಗೆ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಹರಿದ ಪೀಪಿಯಂಥ ಒಂದು ಸದ್ದು. ಅದನ್ನು ನಾಲ್ಕು ಮಂದಿಗೆ ಕೇಳಿಸಲು ಅವರಿಗೆ ನಾಚಿಕೆ; ಹಾಲಿನವನ ಜೊತೆಗೂ ಕೈಸನ್ನೆ. ಆ ವರ್ಷದ ಕಡಲ ಕಡೆಯ ಪ್ರವಾಸ ಮೊದಲೇ ನಿಶ್ಚಯವಾಗಿತ್ತೆಂದು ಬಂದರು, ಆದರೆ ಅವ್ವನ ಕಿವಿಯಲ್ಲಿ ಹೇಳಿದ್ದರಂತೆ, "ಇದ ಕಡೀದು. ದನಿ ಇಲ್ದ ಟೀಚರು ಯಾರಿಗೆ ಬೇಕವಾ?" ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತರು.

ಹೊನ್ನಾವರದ ಹತ್ತಿರ ನಾವು ಇಳಿದುಕೊಂಡ ಹೋಟೆಲು ಒಂದು ಕೋಟೆ! ಯಾವನೋ ಪುಣ್ಯಾತ್ಮ ಪರದೇಶದ ಚಿತ್ರ ನೋಡಿ ಸಿಮೆಂಟಿನಲ್ಲಿ ಕಟ್ಟಿಸಿದ್ದ. ನಾಲ್ಕು ಬುರುಜು, ಕಂದಕದ ಹೆಸರಿನಲ್ಲಿ ಗಟಾರದಷ್ಟು ನೀರು, ಬಾಗಿಲಲ್ಲಿ ಪ್ಲಾಸ್ಟಿಕ್ ಭರ್ಚಿ ಹಿಡಿದ ಕಾವಲುಗಾರ. ಬೆಳಗ್ಗೆ ಅಲ್ಲಿಂದ ದಿನಕ್ಕೊಂದು ದಿಕ್ಕಿಗೆ ಹೊರಡುವುದು, ಸಂಜೆ ಮೈಯೆಲ್ಲ ಉಪ್ಪಾಗಿ ವಾಪಸ್. ಮೊದಲ ಸಂಜೆಯೇ ನಮ್ಮ ಹೆಣ್ಣುಮಕ್ಕಳು ತೊಯ್ದ ಸೀರೆಗಳನ್ನು ಬುರುಜಿನ ಮೇಲೆ ಒಣಹಾಕಿದರು. ನಡುವೆ ಪಕ್ಕದ ಮನೆ ಕಾಕಾನ ಬಿಳಿ ಧೋತರ ಹಾರಾಡುತ್ತಿತ್ತು. ಕೋಟೆ ಹುಬ್ಬಳ್ಳಿಯವರಿಗೆ ಶರಣಾದಂತೆ ಕಾಣುತ್ತಿತ್ತು.

ಮರುದಿನ ಅಪ್ಸರಕೊಂಡದ ದಾರಿಯಲ್ಲಿ ಬಸ್ಸಿನೊಳಗೆ ಸೂತಕದ ಮನೆಯ ಮೌನ. ನನಗೆ ತಡೆಯಲಾಗಲಿಲ್ಲ. ಡ್ರೈವರನ ಪಕ್ಕ ನಿಂತು ಅಕ್ಕಾರ ಹಳೇ ದನಿಯಲ್ಲಿ ಗುಡುಗಿದೆ: "ಕಿಟಕಿ ಕಡೆ ಕುಂತೋರು ತಲಿ ಒಳಗ! ಹರಟಿ ಬಂದ್!"

ಬಸ್ಸಿಗೆ ಬಸ್ಸೇ ನಕ್ಕಿತು. ಮರುಕ್ಷಣ ಎಲ್ಲರೂ ಹಿಂದೆ ಕೂತ ಅಕ್ಕಾರ ಕಡೆ ತಿರುಗಿದರು. ನನ್ನ ಮಧ್ಯಾಹ್ನದ ಊಟ ರದ್ದಾಯಿತೆಂದು ಅವ್ವನ ಕಣ್ಣೇ ಹೇಳಿತು. ಅಕ್ಕಾರು ಬೆರಳು ಮಡಿಸಿ ಕರೆದರು. ಹೋದೆ. ಕಿವಿ ಹಿಡಿದು ಬಗ್ಗಿಸಿ ಪಿಸುಗುಟ್ಟಿದರು: "'ಹರಟಿ ಬಂದ್' ಮೊದಲ ಅಂತೀನಿ, 'ತಲಿ ಒಳಗ' ಆಮ್ಯಾಲ. ಅಣಕಸೂದಾದ್ರ ನೆಟ್ಟಗ ಅಣಕಸು."

ಅಂದಿನಿಂದ ನಾನು ಅವರ ಲೌಡ್‌ಸ್ಪೀಕರ್. ಅವರು ಮುಂದಿನ ಸೀಟಿಗೆ ಬಂದರು. ಅವರು ಪಿಸುಗುಟ್ಟುವುದು, ನಾನು ಸಾರುವುದು. ಗುಡ್ಡದ ಮೇಲಿಂದ ಕಾಣುವ ಕಡಲು, ಶರಾವತಿ ಸಮುದ್ರ ಸೇರುವ ಅಳಿವೆ, ಉಪ್ಪುನೀರಿನಲ್ಲೇ ಬೇರೂರಿ ನಿಂತ ಕಾಂಡ್ಲಾ ಗಿಡ... ಮಂದಿಗೆ ಖುಷಿಯೋ ಖುಷಿ. ಅವ್ವ ಮಾತ್ರ ನನ್ನನ್ನು ಬದಿಗೆ ಎಳೆದು ಅಂದಳು: "ನೀ ಹಿಂಗ ಮಾಡ್ತಾ ಹೋದ್ರ ಅವರು ಇನ್ನ ಬಾಯಿ ಬಿಡೂದ ಇಲ್ಲೋ."

ಹೌದಲ್ಲ ಅನ್ನಿಸಿತು. ಆದರೆ ಚಪ್ಪಾಳೆ ಬೀಳುವಾಗ ಸುಮ್ಮನಿರುವ ಜಾತಿಯವನಲ್ಲ ನಾನು.

ಕೊನೆಯ ದಿನ ಮಿರ್ಜಾನ ಕೋಟೆ. ಇದು ಖರೇ ಕೋಟೆ. ಕೆಂಪು ಕಲ್ಲು, ಅದರ ಮೇಲೆ ಹಸಿರು ಪಾಚಿ. ಅಕ್ಕಾರು ಇನ್ನೂ ಮೆಟ್ಟಿಲು ಹತ್ತುತ್ತಿದ್ದರು. ಮೇಲೆ ಕಾಕಾ ಕೇಳಿದ, "ಇದು ಯಾರ ಕೋಟಿಲೇ?" ಕಾಯುವ ವ್ಯವಧಾನ ನನಗೆಲ್ಲಿ? ಅಕ್ಕಾರ ದನಿ ತೆಗೆದು ಹೇಳಿಯೇಬಿಟ್ಟೆ: "ಕಿತ್ತೂರ ರಾಣಿದು! ಇಲ್ಲೇ ಕುದುರಿಗೆ ನೀರು ಕುಡಸ್ತಿದ್ರು!" ಧಾರವಾಡದ ಕಡೆಯವರಿಗೆ ಯಾವ ಕೋಟೆ ಕಂಡರೂ ಕಿತ್ತೂರಿನದೇ. ಎಲ್ಲರೂ ತಲೆಯಾಡಿಸಿದರು. ಕಾಕಾ ಗೋಡೆಗೆ ಕೈಮುಗಿದ.

"ಸುಳ್ಳು!"

ಮೆಟ್ಟಿಲ ಕಡೆಯಿಂದ ಒಡೆದ ಸದ್ದು. ಅಕ್ಕಾರು ಏದುಸಿರು ಬಿಡುತ್ತ ನಿಂತಿದ್ದರು. "ನನ್ನ ದನಿಯೊಳಗ ಸುಳ್ಳು ಹೇಳ್ತಿ ಏನಲೇ? ಇದು ಗೇರುಸೊಪ್ಪಿ ರಾಣಿದು! ಕರಿ ಮೆಣಸು... ಹಡಗ ತುಂಬಿ..." ದನಿ ನಡುವೆ ಜಾರಿತು, ಬರೀ ಗಾಳಿಯಾಯಿತು. ಉಗುಳು ನುಂಗಿ ಮತ್ತೆ ಹಿಡಿದರು.

ಯಾರೂ ನಗಲಿಲ್ಲ. ಯಾರೂ ಅಯ್ಯೋ ಅನ್ನಲಿಲ್ಲ. ಕಾಕಾ ಮುಗಿದ ಕೈ ಇಳಿಸಿ ಅವರ ಹತ್ತಿರ ಹೋದ. "ಆ ಮೆಣಸು ಎಲ್ಲಿಗೆ ಹೋಗ್ತಿತ್ತರಿ ಅಕ್ಕಾರ?"

ಹೇಳಿದರು. ಸಮುದ್ರದಾಚೆಯ ದೇಶಗಳವರೆಗೂ ಹೇಳಿದರು. ದನಿ ಸಣ್ಣದಾದ್ದರಿಂದ ಎಲ್ಲರೂ ಅವರ ಸುತ್ತ ಒತ್ತಿ ನಿಂತೆವು. ಮೊದಲೆಲ್ಲ ಅವರಿಂದ ಆದಷ್ಟು ದೂರದ ಸೀಟು ಹಿಡಿಯುತ್ತಿದ್ದ ಮಂದಿ ನಾವು... ವಾಪಸ್ ಬರುವಾಗ ಡ್ರೈವರನ ಪಕ್ಕ ಅವರೇ ನಿಂತರು. ನನ್ನ ನೌಕರಿ ಹೋಯಿತು.

ಬೇಕಂತಲೇ ತಪ್ಪು ಹೇಳಿದೆಯಾ ಎಂದು ಮಂದಿ ಕೇಳಿದರೆ, ಹೌದೆಂದು ಮೀಸೆ ತಿರುವುತ್ತೇನೆ. ಖರೇ ಅಂದರೆ ನನಗೆ ಗೊತ್ತಿದ್ದ ರಾಣಿ ಕಿತ್ತೂರಿನವರೊಬ್ಬರೇ.

ಆಮೇಲೆಯೂ ಅದೇ ದನಿಯಲ್ಲಿ ಅಕ್ಕಾರು ನಮ್ಮನ್ನು ಎಷ್ಟೋ ಊರು ಸುತ್ತಿಸಿದರು. ಹೋದ ವರ್ಷ ತೀರಿಕೊಂಡರು. ಮದುವೆ, ಮುಂಜಿವೆಗಳಲ್ಲಿ "ಅಕ್ಕಾರ ದನಿ ಮಾಡೋ" ಅನ್ನುತ್ತಾರೆ. ಹಳೆಯ ದೊಡ್ಡ ದನಿ ಸಲೀಸಾಗಿ ಬರುತ್ತದೆ. ಆ ಎರಡನೆಯದು ಮಾತ್ರ ಬರುತ್ತಿಲ್ಲ. ಬಚ್ಚಲಲ್ಲಿ ಪ್ರಯತ್ನಿಸಿದರೆ ಅವ್ವ ಬಾಗಿಲು ಬಡಿದು, "ಕಷಾಯ ಮಾಡ್ಲೇನೋ?" ಅಂತಾಳೆ.

ಮೊನ್ನೆ ಘಾಟು ಇಳಿದದ್ದು ಅದೇ ಸಿಮೆಂಟ್ ಕೋಟೆಯಲ್ಲಿ ಕೋಣೆ ಗೊತ್ತುಮಾಡಲು. ಮುಂದಿನ ತಿಂಗಳು ಓಣಿಯ ಬಸ್ಸು ಮತ್ತೆ ಹೊರಡುತ್ತದೆ. ಡ್ರೈವರನ ಪಕ್ಕ ನಿಲ್ಲುವವನು ನಾನೇ ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ನಾನು ತಪ್ಪು ಹೇಳಿದರೆ ತಿದ್ದಲು ಅಕ್ಕಾರು ಇಲ್ಲ... ಅದಕ್ಕೇ ಜನ್ಮದಲ್ಲಿ ಮೊದಲ ಸಲ ಪಾಠ ಓದಿಕೊಳ್ಳಾಕತ್ತೇನಿ.