ಲೈಲ್ ಸ್ಕೋಗನ್ ಕಟ್ಟಿದ ಹಗುರ ಬಂದೂಕು

ಮೊಂಟಾನಾದ ಟ್ಯಾನರ್ ಫೋರ್ಕ್ ಊರಿನ ಶಾಲೆಯಲ್ಲಿ ನಾನು ಮರಗೆಲಸ ಕಲಿಸುತ್ತಿದ್ದ ಕಾಲದಲ್ಲಿ ಸ್ಕೋಗನ್ ಮನೆಯ ಹುಡುಗರಿಬ್ಬರೂ ನನ್ನ ಕೈಕೆಳಗೆ ಕಲಿತರು. ಹಿರಿಯ ವರ್ನ್, ಮೂಲೆ ಕೂಡದ ಸ್ಟೂಲಿಗೂ ಬಣ್ಣ ಬಳಿದು ಯಾರಿಗಾದರೂ ದಾಟಿಸಿಬಿಡುತ್ತಿದ್ದ. ಕಿರಿಯ ಲೈಲ್ ಒಂದೇ ಹಲಗೆಯನ್ನು ವಾರಗಟ್ಟಲೆ ಉಜ್ಜುತ್ತಿದ್ದ. ಇಬ್ಬರ ಮೇಲೂ ನನಗೆ ಅಕ್ಕರೆಯಿತ್ತು, ಈಗಲೂ ಇದೆ. ಆದರೆ ಇಲ್ಲಿ ಹೇಳಹೊರಟಿರುವುದು ಲೈಲನ ವಿಷಯ.

ಲೈಲ್ ಊರಿನ ಸಾಮಿಲ್ಲಿನಲ್ಲಿ ದುಡಿದು, ಮರದ ಹೊಟ್ಟು ಕುಡಿದು, ಅರವತ್ತಕ್ಕೆ ಮೊದಲೇ ಶ್ವಾಸಕೋಶ ಕೆಡಿಸಿಕೊಂಡ. ಅವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಹಂಬಲ. ಸ್ಲೇಟ್ ದಿಣ್ಣೆಯ ಮೇಲೆ ಸುರುಳಿಕೊಂಬಿನ ಒಂದು ಕಾಡುಟಗರನ್ನು ಹೊಡೆಯಬೇಕು. ಆ ದಿಣ್ಣೆಗೆ ಪರವಾನಗಿ ಯಾರಿಗಾದರೂ ಸಿಗುತ್ತದೆ, ಆದರೆ ವರ್ಷಕ್ಕೆ ಎರಡೇ ಟಗರು. ಎರಡನೆಯದು ಬಿದ್ದ ಸುದ್ದಿ ಬಂತೆಂದರೆ ಉಳಿದವರೆಲ್ಲ ಬಂದೂಕು ಹೆಗಲಿಗೇರಿಸಿ ಇಳಿದು ಬರಬೇಕು. ಲೈಲ್ ಹರೆಯದಿಂದಲೂ ಪ್ರತಿ ಸೆಪ್ಟೆಂಬರಿನಲ್ಲಿ ಹತ್ತಿದ್ದ, ಬರಿಗೈಯಲ್ಲಿ ಇಳಿದಿದ್ದ. ವರ್ನನ ಗೋಡೆಯ ಮೇಲೆ ಎರಡು ಟಗರಿನ ತಲೆಗಳಿದ್ದವು.

ಆ ವಸಂತದಲ್ಲಿ ವೈದ್ಯರು ಲೈಲನಿಗೆ, "ಈ ಸಲ ಹತ್ತಿದರೆ ಹತ್ತು. ಮುಂದಿನ ವರ್ಷ ಮೆಟ್ಟಿಲು ಹತ್ತುವುದೇ ಕಷ್ಟ" ಎಂದುಬಿಟ್ಟರು.

ಅಪ್ಪನ ಹಳೆಯ ಬಂದೂಕಿಗೆ ವಾಲ್ನಟ್ ಮರದ ಹಿಡಿ. ಭುಜಕ್ಕೆ ಒತ್ತುವ, ನಳಿಗೆ ಕೂರುವ ಆ ಭಾಗವೇ ಒಂದು ಕೊರಡಿನಷ್ಟು ಭಾರ. ಅದನ್ನು ಹೊತ್ತು ಹತ್ತುವ ಉಸಿರು ಈಗ ಅವನಲ್ಲಿರಲಿಲ್ಲ. ಲೈಲ್ ಗ್ಯಾರೇಜಿನಲ್ಲಿ ಕೂತು ಫೋಮಿನಲ್ಲಿ ಹಿಡಿಯ ಆಕಾರ ಕೆತ್ತಿದ. ಅದರ ಮೇಲೆ ಹಗುರವೂ ಗಟ್ಟಿಯೂ ಆದ ಕಾರ್ಬನ್ ನಾರಿನ ಬಟ್ಟೆಯನ್ನು ಪದರ ಪದರವಾಗಿ ಅಂಟಿನಲ್ಲಿ ತೋಯಿಸಿ ಸುತ್ತಿದ. ಪದರಗಳು ಬಿಗಿಯಾಗಿ ಕೂರಲೆಂದು ಪ್ಲಾಸ್ಟಿಕ್ ಚೀಲದೊಳಗಿಟ್ಟು ಹಳೆಯ ಫ್ರಿಜ್ಜಿನ ಪಂಪಿನಿಂದ ಗಾಳಿ ಹೀರಿಸಿದ. ಉಜ್ಜುವಾಗ ಏಳುವ ಕಪ್ಪು ಧೂಳು ಅವನ ಎದೆಗೆ ವಿಷ. ಹೆಂಡತಿ ಮಾರ್ವಾ ಬಾಗಿಲಲ್ಲಿ ನಿಂತು, "ಮುಖಕ್ಕೆ ಬಟ್ಟೆ ಕಟ್ಕೊಳ್ಳೋ, ಬೆಟ್ಟ ನೋಡೋಕೆ ಮುಂಚೆನೇ ಸಾಯ್ತೀಯ" ಎಂದು ಕೂಗುತ್ತಿದ್ದಳು. ಆಕೆಯ ಅಡುಗೆಮನೆಯ ಬ್ರೆಡ್ಡಿಗೂ ಅಂಟಿನ ವಾಸನೆ ಹತ್ತಿತ್ತು.

ಹಿಡಿ ಚೆನ್ನಾಗಿ ಬಂತು. ನಾನೇ ಮೊಣಕಾಲಿಗೆ ಒತ್ತಿ ಬಗ್ಗಿಸಿ ನೋಡಿದೆ, ಜಗ್ಗಲಿಲ್ಲ.

ಊರಿನಲ್ಲಿ ಫ್ಲೋರೀನ್ ನಡೆಸುವ ಹೋಟೆಲಿನಲ್ಲಿ ಮೀನು ತೂಗುವ ಕೊಕ್ಕೆಯ ತಕ್ಕಡಿಯೊಂದು ತೂಗುಬಿದ್ದಿದೆ. ಬೇಟೆಗೆ ಮುಂಚೆ ಅದರಲ್ಲಿ ಬಂದೂಕು ತೂಗಿಸುವುದು ನಮ್ಮೂರಿನ ಪದ್ಧತಿ. ಲೈಲ್ ತನ್ನದನ್ನು ತೂಗುಹಾಕಿದ. ವರ್ನ್ ಅಂಗಡಿಯಿಂದ ತಂದ ಹೊಸ ಬಂದೂಕನ್ನು ತೂಗುಹಾಕಿದ. ವರ್ನನದು ಒಂದು ಕೂದಲೆಳೆಯಷ್ಟು ಹಗುರ.

"ಏನೋ ತಮ್ಮಾ, ಬೇಸಿಗೆಯೆಲ್ಲಾ ಕೆಮ್ಮಿದ್ದು ಇದಕ್ಕಾ?" ಎಂದ ವರ್ನ್. "ಫ್ಲೋರೀನ್, ಇವನಿಗೊಂದು ಆಪಲ್ ಪೈ ಕೊಡು. ಬಂದೂಕಂತೂ ಇಳೀಲಿಲ್ಲ, ಹೊಟ್ಟೆನಾದ್ರೂ ಏರ್ಲಿ."

ಇಡೀ ಹೋಟೆಲು ನಕ್ಕಿತು. ಲೈಲ್ ಕೂಡ ನಕ್ಕ. ಮನೆಗೆ ಹೋದವನೇ ನಳಿಗೆಯನ್ನು ಕಳಚಿಟ್ಟು, ಆ ಹಿಡಿಯನ್ನು ಗರಗಸದಿಂದ ಎರಡು ತುಂಡು ಮಾಡಿದ.

"ಗಟ್ಟಿಯಾಗಿತ್ತಲ್ಲೋ ಅದು!" ಎಂದಳು ಮಾರ್ವಾ.

"ಗಟ್ಟಿ ಯಾರಿಗೆ ಬೇಕು? ನೀನು ಹೊತ್ಕೊಂಡು ಬರ್ತೀಯಾ? ನಿನಗೆ ನಿನ್ನ ಮೈನೇ ಹೊರೋಕಾಗಲ್ಲ."

ಮಾರ್ವಾ ಒಳಗೆ ಹೋದಳು. ಆ ದಿನದಿಂದ ಗ್ಯಾರೇಜಿನ ಬಾಗಿಲಿಗೆ ಬರಲಿಲ್ಲ.

ಎರಡನೆಯ ಹಿಡಿಗೆ ಅವನು, ಬೆರಳು ಸುತ್ತುವ ಸಣ್ಣ ಕುತ್ತಿಗೆಯಲ್ಲಿ ಎರಡು ಪದರ ಕಡಿಮೆ ಸುತ್ತಿದ. ಗುರಿಕಟ್ಟೆಯಲ್ಲಿ ಹಾರಿಸಿ ನೋಡಿದ. ಗುಂಡಿನ ಒದೆತ ನೇರವಾಗಿ ಭುಜಕ್ಕೆ ಬರುತ್ತದೆ, ಅದನ್ನು ಹಿಡಿ ತಡೆದುಕೊಂಡಿತು. ತಕ್ಕಡಿಯಲ್ಲಿ ಈಗ ಲೈಲನದೇ ಹಗುರ. ವರ್ನ್ ತಕ್ಕಡಿಯ ಕೊಕ್ಕೆಯನ್ನು ಎರಡು ಸಲ ಅಲ್ಲಾಡಿಸಿ ನೋಡಿದ. ಲೈಲನ ಮುಖದಲ್ಲಿ ಅಂದು ಕಂಡ ಬೆಳಕನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ.

ಆದರೆ ನಮ್ಮ ಬೆಟ್ಟದವರಿಗೆ ಒಂದು ಚಾಳಿಯಿದೆ. ಜಲ್ಲಿಯ ಇಳಿಜಾರು ದಾಟುವಾಗ ಗುಂಡು ತೆಗೆದು, ಬಂದೂಕನ್ನು ಊರುಗೋಲು ಮಾಡಿಕೊಳ್ಳುತ್ತೇವೆ. ಅಪ್ಪಂದಿರು ಹಾಗೆ ಮಾಡಿದರು, ಮಕ್ಕಳೂ ಮಾಡುತ್ತಾರೆ. ವಾಲ್ನಟ್ ಹಿಡಿ ಅದನ್ನು ಸಹಿಸುತ್ತಿತ್ತು. ಲೈಲ್ ತನ್ನ ಹಿಡಿಯನ್ನು ಭುಜಕ್ಕಾಗಿ ಕಟ್ಟಿದ್ದ, ನೆಲಕ್ಕಾಗಿ ಕಟ್ಟಿರಲಿಲ್ಲ.

ಅಣ್ಣತಮ್ಮಂದಿರು ಜೊತೆಯಾಗಿಯೇ ಹತ್ತಿದರು. ಆ ವೇಳೆಗೆ ಒಂದು ಟಗರನ್ನು ಪರವೂರಿನವನೊಬ್ಬ ಹೊಡೆದಿದ್ದ, ಉಳಿದದ್ದು ಒಂದೇ. ನಾಲ್ಕನೆಯ ಬೆಳಿಗ್ಗೆ ಬಂಡೆಯಂಚಿನ ಕೆಳಗೆ ದೊಡ್ಡ ಟಗರೊಂದು ಮಲಗಿತ್ತು. ಮೊದಲು ಕಂಡವನು ಲೈಲ್. ಕಂಡವನದೇ ಮೊದಲ ಗುಂಡು ಎಂಬುದು ಇಬ್ಬರೂ ಒಪ್ಪಿಕೊಂಡ ಮಾತು. ನಡುವೆ ಜಲ್ಲಿಯ ಇಳಿಜಾರೊಂದಿತ್ತು. ಉಸಿರಿಲ್ಲದ ಲೈಲ್ ಕಾಲು ಜಾರಿ, ತನಗರಿವಿಲ್ಲದೆಯೇ ಬಂದೂಕನ್ನು ಅಡ್ಡವಾಗಿ ಊರಿದ. ಕುತ್ತಿಗೆಯಲ್ಲಿ ಹಿಡಿ ಲಟಕ್ಕೆಂದು ಮುರಿಯಿತು.

ಟಗರು ಏಳಲಿಲ್ಲ. ಬೆಟ್ಟದಲ್ಲಿ ಕಲ್ಲಿನ ಸದ್ದು ಅದಕ್ಕೆ ಹೊಸದಲ್ಲ.

ಮುಂದಿನ ಮಾತುಗಳನ್ನು, ಊರಿಗೆ ಮರಳುವಾಗ ನನ್ನ ಪಿಕಪ್ ಗಾಡಿಯಲ್ಲಿ ಕೂತು ವರ್ನನೇ ನಗುತ್ತಾ ಹೇಳಿದ. ಪಕ್ಕದಲ್ಲಿದ್ದ ಲೈಲ್ ಒಂದನ್ನೂ ಅಲ್ಲಗಳೆಯಲಿಲ್ಲ.

"ಅಣ್ಣ, ನಿನ್ನ ಬಂದೂಕು ಕೊಡು. ಒಂದೇ ಗುಂಡು."

"ನಿನ್ನ ಉಸಿರು ನೋಡ್ಕೊ, ಹೇಗೆ ಏರಿಳೀತಿದೆ. ಗಾಯ ಮಾಡಿ ಓಡಿಸ್ತೀಯ."

"ನಿಂಗೆ ಎರಡಿದೆಯಲ್ಲ ಅಣ್ಣ. ನಾನು ಇನ್ನೊಂದ್ಸಲ ಹತ್ತಕ್ಕಾಗಲ್ಲ, ನಿಂಗೊತ್ತು."

"ಗೊತ್ತು ಕಣೋ. ಅದಕ್ಕೇ ಚೆನ್ನಾಗಿ ನೋಡ್ಕೋ, ಹೇಗೆ ಹೊಡೀಬೇಕೂಂತ. ಅಗ್ಗಿಷ್ಟಿಕೆ ಮೇಲೆ ಮಧ್ಯದ ಜಾಗ ಖಾಲಿಯಿದೆ ನಂಗೆ."

ವರ್ನ್ ಒಂದೇ ಗುಂಡಿಗೆ ಕೆಡವಿದ. ಅಲ್ಲಿಗೆ ಆ ವರ್ಷದ ಬೇಟೆ ಮುಗಿಯಿತು.

ಹೊಡೆದವನು ಮಾಂಸ ಹೊರಬೇಕು, ಜೊತೆಗಾರ ತಲೆ ಹೊರಬೇಕು ಎಂಬುದು ನಮ್ಮಲ್ಲಿ ಅಪ್ಪಂದಿರ ಕಾಲದ ನಡವಳಿ. ವರ್ನ್ ಅದನ್ನು ಬಿಟ್ಟುಕೊಡಲಿಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಕತ್ತರಿಸಿ ಭಾರ ಇಳಿಸಿಕೊಂಡಿದ್ದ ಲೈಲನ ಬೆನ್ನಿಗೆ, ಕೊಂಬು ಸಮೇತ ಆ ತಲೆಯನ್ನು ಕಟ್ಟಿದ. ನಾನು ಕಾಲುಹಾದಿಯ ಕೊನೆಯಲ್ಲಿ ಕಾಯುತ್ತಿದ್ದೆ. ಲೈಲ್ ಕಾಣುವ ಮುಂಚೆ ಅವನ ಉಸಿರಿನ ಸೀಟಿ ಕೇಳಿಸಿತು. ಹಿಂದಿನಿಂದ ವರ್ನ್, "ಮೆತ್ತಗೆ ಕಣೋ! ಕೊಂಬು ಕಲ್ಲಿಗೆ ತಾಗಿದ್ರೆ ಚರ್ಮ ಸುಲೀತೀನಿ" ಎಂದು ಕೂಗುತ್ತಿದ್ದ.

"ಕೆಳಗಿಡೋ ಲೈಲ್, ನಾನು ಹಿಡೀತೀನಿ" ಎಂದೆ.

"ಬೇಡಿ ಮೇಷ್ಟ್ರೇ. ಇಟ್ಟರೆ ಮತ್ತೆ ಎತ್ತಕ್ಕಾಗಲ್ಲ" ಎಂದು, ಪಿಕಪ್ಪಿನವರೆಗೂ ನಡೆದ.

ಅವನು ಮತ್ತೆ ಬೆಟ್ಟ ಹತ್ತಲಿಲ್ಲ. ಈಗ ಮೂಗಿಗೆ ಆಮ್ಲಜನಕದ ಕೊಳವೆಯಿದೆ, ಕರೆಂಟಿನಲ್ಲಿ ಓಡುವ ಅದರ ಯಂತ್ರವನ್ನು ಮಾರ್ವಾ ಎಳೆದು ತರುತ್ತಾಳೆ. ವರ್ನನ ಮನೆಯಾಕೆ ಮೂರನೆಯ ತಲೆಗೆ ಒಪ್ಪಲಿಲ್ಲವೆಂದು ಅದೀಗ ಫ್ಲೋರೀನಳ ಹೋಟೆಲಿನ ಗೋಡೆಯ ಮೇಲಿದೆ. ಬರುವ ಹೋಗುವವರಿಗೆಲ್ಲ ವರ್ನ್ ಆ ದಿನದ ಕಥೆ ಹೇಳುತ್ತಾನೆ, ಮುರಿದ ಹಿಡಿಯ ಸದ್ದನ್ನು ನಾಲಿಗೆಯಿಂದ ಮಾಡಿ ತೋರಿಸುತ್ತಾನೆ. ಲೈಲ್ ಆ ತಲೆಯ ಕೆಳಗಿನ ಮೇಜಿನಲ್ಲೇ ಕೂರುತ್ತಾನೆ.

"ಬೇರೆ ಕಡೆ ಕೂತ್ಕೊ ಬಾರೋ" ಎಂದು ಫ್ಲೋರೀನ್ ಒಮ್ಮೆ ಮೆಲ್ಲಗೆ ಕರೆದಳು.

"ಬೇಡ," ಎಂದ ಲೈಲ್, ಮೊಟ್ಟೆಗೆ ಉಪ್ಪು ಉದುರಿಸುತ್ತಾ. "ಈ ಮಷೀನಿಗೆ ಪ್ಲಗ್ ಪಾಯಿಂಟ್ ಇರೋದು ಇಲ್ಲೊಂದೇ ಕಡೆ."