ಆವೇಶ ಇಳಿದ ಮೇಲೆ

ಮೊನ್ನೆ ಬಾಗಿಲ ಹಿಡಿಕೆಗೆ ಯಾರೋ ನೇತುಹಾಕಿದ್ದ ಸುತ್ತೋಲೆಯ ಹಲಗೆಯನ್ನು ತೆಗೆದಾಗ ಹಳೆಯ ರಟ್ಟಿನ ವಾಸನೆ ಬಂತು. ಜಪಾನಿನ ವಾಕೋ ಊರಿನ ನಮ್ಮ ಕಟ್ಟಡದಲ್ಲಿ ಇದು ಮನೆಯಿಂದ ಮನೆಗೆ ಹೋಗುತ್ತದೆ. ಓದಿ, ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಮುದ್ರೆಯೊತ್ತಿ, ಪಕ್ಕದ ಬಾಗಿಲಿಗೆ ನೇತುಹಾಕಬೇಕು. ಆ ವಾಸನೆಗೆ ಪಕ್ಕದ ಮನೆಯ ಮೇಷ್ಟ್ರು ನೆನಪಾದರು...

ಅವರು ಜಪಾನಿನವರೇ, ನಿವೃತ್ತ ಪ್ರಾಧ್ಯಾಪಕರು, ಒಂಟಿ ಜೀವ. ಆಯುಷ್ಯವಿಡೀ ಓದಿದ್ದು ಯುರೋಪಿನ ಉತ್ತರ ತುದಿಯ ಹಳೆಯ ವೀರಗಾಥೆಗಳನ್ನು. ಕೊರೋನಾ ಬಂದು ನನ್ನ ಲ್ಯಾಬ್ ಮುಚ್ಚಿದಾಗ ಸಂಜೆ ಹೊತ್ತು ಇಬ್ಬರೂ ಮಾಸ್ಕ್ ಹಾಕಿಕೊಂಡು ನಮ್ಮ ನಮ್ಮ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದೆವು. ಅವರು ಬರ್ಸರ್ಕರ್ ಎಂಬ ಯೋಧರ ಕಥೆ ಹೇಳುತ್ತಿದ್ದರು. ಆ ಯೋಧರು ಕರಡಿ ಚರ್ಮ ಹೊದ್ದು, ಊಳಿಟ್ಟು, ತಮ್ಮ ಗುರಾಣಿಯ ಅಂಚನ್ನೇ ಕಚ್ಚುತ್ತಿದ್ದರಂತೆ. ಬೆಂಕಿಯೂ ಸುಡುತ್ತಿರಲಿಲ್ಲ, ಕತ್ತಿಯೂ ನಾಟುತ್ತಿರಲಿಲ್ಲವಂತೆ. ಕಸದ ಚೀಲವನ್ನೂ ಸದ್ದಾಗದಂತೆ ಇಡುವ ಆ ಮನುಷ್ಯ ಒಮ್ಮೆ ಮಾಸ್ಕ್ ಇಳಿಸಿ, ಗುರಾಣಿ ಕಚ್ಚುವುದನ್ನು ಅಭಿನಯಿಸಿಯೇ ತೋರಿಸಿದ್ದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಗಿತ್ತು.

"ಆವೇಶದಲ್ಲಿದ್ದಾಗ ಅವರನ್ನು ಯಾರಿಂದಲೂ ಕೊಲ್ಲಲು ಆಗುತ್ತಿರಲಿಲ್ಲ. ಇಳಿದ ಮೇಲೆ ಮಗುವಿಗಿಂತ ನಿಶ್ಶಕ್ತರು. ವೈರಿಗಳು ಆ ಹೊತ್ತಿಗೇ ಕಾಯುತ್ತಿದ್ದರು," ಎಂದಿದ್ದರು.

ನಮ್ಮಲ್ಲೂ ದೇವರು ಮೈಮೇಲೆ ಬರುತ್ತದೆ, ಇಳಿದ ಕೂಡಲೇ ಹಿಡಿದುಕೊಳ್ಳಲು ನಾಲ್ಕು ಜನ ಇರುತ್ತಾರೆ, ನೀರು ಕುಡಿಸಿ ಮಲಗಿಸುತ್ತಾರೆ ಎಂದು ನಾನು ಜಂಬದಿಂದ ಹೇಳಿದೆ. ಅವರು ತಲೆದೂಗಿದರು.

"ಒಳ್ಳೆಯ ಪದ್ಧತಿ. ಈ ಯೋಧರಿಗೆ ನೀರು ಕೊಟ್ಟವರ ಕಥೆ ನಾನೆಲ್ಲೂ ಓದಿಲ್ಲ."

ಎರಡನೆಯ ವರ್ಷದ ಬೇಸಿಗೆಯಲ್ಲಿ ಅವರಿಗೆ ಸೋಂಕು ತಗುಲಿತು. ಆಸ್ಪತ್ರೆಗಳಲ್ಲಿ ಜಾಗವಿಲ್ಲದ ಕಾಲ, ಮನೆಯಲ್ಲೇ ಇರಿ ಎಂದು ವೈದ್ಯರು ಹೇಳಿದ್ದರು. ನಾಲ್ಕು ದಿನ ಜ್ವರ. ನಾನು ದಿನಾ ಫೋನ್ ಮಾಡುತ್ತಿದ್ದೆ, ಬಾಗಿಲ ಮುಂದೆ ಗಂಜಿ ಇಟ್ಟು ಬರುತ್ತಿದ್ದೆ. ಐದನೆಯ ದಿನ ಅವರೇ ಫೋನ್ ಮಾಡಿ, ಜ್ವರ ಬಿಟ್ಟಿತು, ಇನ್ನು ತೊಂದರೆ ತೆಗೆದುಕೊಳ್ಳಬೇಡಿ, ಅರಿಗಾತೋ, ಧನ್ಯವಾದ ಎಂದರು. ನಾನು ನಿರಾಳವಾಗಿ ನನ್ನ ಕೆಲಸ ನೋಡಿಕೊಂಡೆ.

ಮರುದಿನ ಸುತ್ತೋಲೆ ಬಂತು. ಮುದ್ರೆಯೊತ್ತಿ ಅವರ ಬಾಗಿಲಿಗೆ ನೇತುಹಾಕಿದೆ. ಎರಡು ದಿನವಾದರೂ ಅದು ಅಲ್ಲೇ ಇತ್ತು.

"ರೀ, ಬೋರ್ಡ್ ಇನ್ನೂ ಅಲ್ಲೇ ನೇತಾಡ್ತಿದೆ. ಒಂದ್ಸಲ ಬೆಲ್ ಮಾಡಿ ನೋಡಿ," ಎಂದಳು ಹೆಂಡತಿ.

"ರೆಸ್ಟ್ ತಗೋತಿರ್ತಾರೆ ಬಿಡು. ಇಲ್ಲಿಯವರಿಗೆ ಸುಮ್ಸುಮ್ನೆ ಡಿಸ್ಟರ್ಬ್ ಮಾಡಿದ್ರೆ ಇಷ್ಟ ಆಗಲ್ಲ."

ಜಪಾನಿನಲ್ಲಿ ಹತ್ತು ವರ್ಷ ಇದ್ದವನ ಜಾಣತನ ಅದು. ಮೂರನೆಯ ದಿನ ಅವಳೇ ಮನೆ ಮಾಲೀಕರಿಗೆ ಫೋನ್ ಮಾಡಿ ಬಾಗಿಲು ತೆಗೆಸಿದಳು. ಮೇಷ್ಟ್ರು ಅಡುಗೆಮನೆಯಲ್ಲಿ, ನಲ್ಲಿಯ ಬುಡದಲ್ಲೇ ಬಿದ್ದಿದ್ದರು. ಕೈಯಲ್ಲಿ ಲೋಟವಿತ್ತಂತೆ...

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಫಲವಿಲ್ಲ, ನಿಜ. ಆದರೂ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಹಲಗೆಯ ಪಟ್ಟಿಯಲ್ಲಿ ಈಗ ಅವರ ಹೆಸರಿಲ್ಲ. ಮೊನ್ನೆ ನನ್ನ ಮುದ್ರೆಯೊತ್ತಿ, ಅವರ ಬಾಗಿಲು ದಾಟಿ, ಅದರಾಚೆಯ ಮನೆಗೆ ಹೋದೆ. ಹಲಗೆಯನ್ನು ನೇತುಹಾಕಲಿಲ್ಲ. ಬೆಲ್ ಒತ್ತಿ, ಒಳಗಿನಿಂದ ದನಿ ಕೇಳುವವರೆಗೂ ನಿಂತೇ ಇದ್ದೆ.