ತಗೀಬ್ಯಾಡ್ರಿ ಅಂದಿದ್ದ ಮಾಮಾ

ಹೋದ ವಾರ ಕಾಗವಾಡದಲ್ಲಿ ಹೊಸ ಚಪ್ಪಲಿ ಕೊಂಡೆ. ಮನೆಗೆ ಬಂದು ಕಾಗದ ಬಿಚ್ಚಿದ್ದೇ ತಡ, ಎಣ್ಣೆ ಹಚ್ಚಿದ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಅಥಣಿಯ ಮಾಮಾ ನೆನಪಾದರು, ಮಾಮಾನ ಹಿಂದೆ ನನ್ನ ಸಿಟ್ಟೂ ಬಂತು... ಇಷ್ಟು ವರ್ಷವಾದರೂ ಅದು ಆರಿಲ್ಲ.

ಆಗ ನಾನು ಅಥಣಿಯ ಒಂದು ಶಾಲೆಯಲ್ಲಿ ಮಾಸ್ತರ. ಊರಿಗೆಲ್ಲ ಮಾಮಾ ಆಗಿದ್ದ ಅವರು ಎದುರಿನ ಓಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದರು. ನಾವು ಏಳೆಂಟು ಮಂದಿ ಪಕ್ಷಿ ಬಳಗ ಅಂತ ಕಟ್ಟಿಕೊಂಡು, ಶಾಲೆಯ ಗೋಡೆಗೆ ಗುಬ್ಬಿಗಳಿಗೆಂದು ಕಟ್ಟಿಗೆಯ ಪೆಟ್ಟಿಗೆ ತೂಗುಹಾಕಿದ್ದೆವು. ಪ್ರತಿ ರವಿವಾರ ಮುಚ್ಚಳ ತೆಗೆದು ತತ್ತಿ ಎಷ್ಟು, ಮರಿ ಎಷ್ಟು ಎಂದು ಬರೆದಿಡುವುದು ನಮ್ಮ ಕೆಲಸ. ಮುಚ್ಚಳ ತಿರುಗುವ ತಗಡಿನ ಬಿಜಾಗರಿ ಕಿರ್ ಎಂದರೆ ಸಾಕು, ತಾಯಿಗುಬ್ಬಿ ಹೆದರಿ ಹಾರಿಹೋಗುತ್ತಿತ್ತು. ಮಾಮಾ ಅದನ್ನು ನೋಡಿ, ಗೂಡುಗಳು ಖಾಲಿಯಾದ ಮೇಲೆ ಎಲ್ಲ ಬಿಜಾಗರಿ ಕಿತ್ತು ತೊಗಲಿನ ಪಟ್ಟಿ ಬಡಿದು ಕೊಟ್ಟರು. ಆಮೇಲೆ ಸಪ್ಪಳವೇ ಇಲ್ಲ.

ಅಲ್ಲಿಂದ ರವಿವಾರದ ಕೆಲಸ ಅವರ ಹೆಗಲಿಗೇ ಬಿತ್ತು. ನಾವು ಮದುವೆ, ಕುಬಸ ಅಂತ ತಪ್ಪಿಸಿಕೊಳ್ಳುತ್ತಿದ್ದೆವು. ಅವರು ಒಂದು ವಾರವೂ ತಪ್ಪಿಸಲಿಲ್ಲ. ನಿಚ್ಚಣಿಕೆ ಏರಿ ಮೊದಲು ಮೆಲ್ಲಗೆ ಕೆಮ್ಮುತ್ತಿದ್ದರು. ಮಂದಿ ಮನೆಗೆ ಹೋದಾಗ ಬಾಗಿಲಲ್ಲಿ ಕೆಮ್ಮುತ್ತೇವಲ್ಲ, ಹಾಗೆ. ತಾಯಿ ತಾನಾಗಿ ಹೊರಬಂದ ಮೇಲಷ್ಟೇ ಮುಚ್ಚಳಕ್ಕೆ ಕೈ. ಮರಿಗಳಿಗೆ ಪುಕ್ಕ ಬಂತೆಂದರೆ ಪೆಟ್ಟಿಗೆಯ ಮೇಲೆ ಸುಣ್ಣದ ಗೆರೆ ಎಳೆದು ಇಳಿಯುತ್ತಿದ್ದರು.

"ಇನ್ನ ಇದನ್ನ ತಗೀಬ್ಯಾಡ್ರಿ ಮಾಸ್ತರ. ರೆಕ್ಕಿ ಬಲಿತಿರಂಗಿಲ್ಲ, ಅಂಜಿ ಜಿಗದಬಿಡ್ತಾವ" ಎನ್ನುತ್ತಿದ್ದರು. ಓದಿ ಕಲಿತದ್ದಲ್ಲ, ನೋಡಿ ನೋಡಿ ಕಲಿತದ್ದು.

ಒಂದು ವರ್ಷ ಬಳಗದ ವಾರ್ಷಿಕೋತ್ಸವ. ಪೆಂಡಾಲು, ಹಾರ, ಶಾಲು, ಮೈಕು ಎಲ್ಲ ಬಂದವು. ದೊಡ್ಡ ಅತಿಥಿಯ ಕೈಯಲ್ಲಿ ಗುಬ್ಬಿಮರಿ ಇಟ್ಟು ಫೋಟೋ ತೆಗೆಸಬೇಕೆಂದು ನಮ್ಮ ಅಧ್ಯಕ್ಷರ ಹಟ. ಮರಿ ಇದ್ದದ್ದು ಒಂದೇ ಪೆಟ್ಟಿಗೆಯಲ್ಲಿ, ಅದರ ಮೇಲೆ ಸುಣ್ಣದ ಗೆರೆ. ಮಾಮಾ ನಿಚ್ಚಣಿಕೆಗೆ ಅಡ್ಡ ನಿಂತು ಕೈಮುಗಿದರು. "ನಾಕ ದಿನ ತಡೀರಿ ಸಾಹೇಬ್ರ, ತಾವ ಹಾರಿ ಹೋಗ್ತಾವ. ನಿಮ್ಮ ಕಾಲ ಬೀಳ್ತೀನಿ."

"ಚಪ್ಪಲಿ ಹೊಲಿಯಾವಗ ಹಕ್ಕಿದೇನ ತಿಳೀತೈತಿ? ಸರಿ ಅತ್ತಾಗ" ಎಂದು ಅಧ್ಯಕ್ಷರು ಅವರ ರಟ್ಟೆ ಹಿಡಿದು ಎಳೆದರು. ವರ್ಷಗಟ್ಟಲೆ ಅವರಿಂದ ಪುಕ್ಕಟೆ ದುಡಿಸಿಕೊಂಡ ಮನುಷ್ಯ ಆಡಿದ ಮಾತಿದು! ನಾಚಿಕೆ ಬೇಡವೇ? ಆಮೇಲೆ ನನ್ನತ್ತ ತಿರುಗಿ ನಿಚ್ಚಣಿಕೆ ಹಿಡಿಯಲು ಹೇಳಿದರು. ನಾನು ಹಿಡಿದೆ.

ಅತಿಥಿ ಮೇಲೇರಿ ಮುಚ್ಚಳ ಎತ್ತಿದ್ದೇ ತಡ, ನಾಲ್ಕೂ ಮರಿ ಹೊರಗೆ ಜಿಗಿದವು. ಮರಿಗಳು ಹಾರಿದವು, ಚಪ್ಪಾಳೆ ಹೊಡೀರಿ ಎಂದು ಮೈಕಿನವನು ಕೂಗಿದ. ಮಂದಿ ಹೊಡೆದರು... ಹಾರಿರಲಿಲ್ಲ, ಬಿದ್ದಿದ್ದವು. ಒಂದನ್ನು ಅಲ್ಲೇ ಕಾಗೆ ಎತ್ತಿಕೊಂಡು ಹೋಯಿತು. ಉಳಿದವು ಕುರ್ಚಿಗಳ ಕೆಳಗೆ, ಮಂದಿಯ ಕಾಲುಗಳ ನಡುವೆ. ಚಪ್ಪಾಳೆ ನಿಲ್ಲುವ ಮೊದಲೇ ಮಾಮಾ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದರು. ಸಿಕ್ಕಾಗ ಎರಡು ಸತ್ತಿದ್ದವು. ಇನ್ನೊಂದು ಅವರ ಅಂಗೈಯಲ್ಲೇ ಕಣ್ಣು ಮುಚ್ಚಿತು.

ಮುಂದಿನ ರವಿವಾರ ಮಾಮಾ ಬರಲಿಲ್ಲ. ಆಮೇಲೂ ಬರಲಿಲ್ಲ. ತಪ್ಪಾಯಿತು ಎನ್ನೋಣವೆಂದು ಎರಡು ಮೂರು ಸಲ ಅವರ ಅಂಗಡಿಗೆ ಹೋದೆ. "ಬರ್ರಿ ಮಾಸ್ತರ, ಉಂಗುಷ್ಟ ಹರದೈತೇನ್ರಿ?" ಎಂದು ನನ್ನ ಚಪ್ಪಲಿ ನೋಡುತ್ತ ಕೇಳುತ್ತಿದ್ದರು. ಹೌದೆಂದು ಸುಳ್ಳು ಹೇಳಿ, ಎರಡು ಹೊಲಿಗೆ ಹಾಕಿಸಿಕೊಂಡು ಬರುತ್ತಿದ್ದೆ. ಮುಂದೆ ನನಗೆ ರಾಯಬಾಗಕ್ಕೆ ವರ್ಗವಾಯಿತು. ಅಲ್ಲಿರುವಾಗಲೇ ಅವರು ತೀರಿಕೊಂಡ ಸುದ್ದಿ ಬಂತು.

ಈ ರವಿವಾರ ಬಳಗದ ಸಭೆಗೆ ನನ್ನನ್ನೂ ಕರೆದಿದ್ದರು. ಹೊಸದಾಗಿ ಸೇರಿದವರಿಗೆಂದು ಅಚ್ಚು ಹಾಕಿಸಿದ ಪುಸ್ತಿಕೆ ಕೈಗಿಟ್ಟರು. ಪುಕ್ಕ ಬಂದ ಮೇಲೆ ಗೂಡು ತೆರೆಯಬಾರದು ಎಂದು ಮೊದಲ ಪುಟದಲ್ಲೇ ಇತ್ತು. ಅದು ಅಧ್ಯಕ್ಷರು ತಮ್ಮ ಅನುಭವದಿಂದ ಕಂಡುಕೊಂಡ ನಿಯಮವಂತೆ! ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಇದು ಯಾರ ಮಾತು, ಅವರ ರಟ್ಟೆ ಹಿಡಿದು ಎಳೆದವರು ಯಾರು, ನಿಚ್ಚಣಿಕೆ ಹಿಡಿದವನು ಯಾರು, ಎಲ್ಲ ಹೇಳಿದೆ.

"ಹಳೇದೆಲ್ಲ ಯಾಕ್ರಿ ಮಾಸ್ತರ, ಚಾ ತಗೋರಿ" ಎಂದರು ಅಧ್ಯಕ್ಷರು.

ಚಾ ಮುಟ್ಟದೆ ಹೊರಬಿದ್ದೆ. ಸಿಕ್ಕ ಬಸ್ಸು ಹತ್ತಿದೆ. ಅಷ್ಟು ಮಂದಿಯ ಮುಂದೆ ಅಷ್ಟೆಲ್ಲ ಹೇಳಿದೆ. ತಪ್ಪಾಯಿತು ಮಾಮಾ ಎಂಬ ಒಂದು ಮಾತನ್ನು ಮಾತ್ರ, ಯಾರಿಗೆ ಹೇಳಬೇಕಿತ್ತೋ ಅವರು ಎದುರಿಗಿದ್ದಾಗ ಹೇಳಲಿಲ್ಲ.